ತುರ್ತು ದುರಸ್ತಿಯ ಗಡಿಯಾರ

2025ರ ಜುಲೈ 12ರಂದು ಮಂಗಳೂರಿನ ಎಂಆರ್‌ಪಿಎಲ್‌ನಲ್ಲಿ ಟ್ಯಾಂಕ್‌ನ ಮೇಲೆ ತಪಾಸಣೆಗೆ ಹೋಗಿದ್ದ ಇಬ್ಬರು ಆಪರೇಟರ್‌ಗಳು ವಿಷಾನಿಲಕ್ಕೆ ಸಿಕ್ಕಿ ತೀರಿಕೊಂಡರು. ಸುದ್ದಿಯನ್ನು ಕೋಲ್ಕತ್ತದಲ್ಲಿ ಕೂತು ಮೊಬೈಲ್‌ನಲ್ಲಿ ಓದಿದೆ. ಊರ ಕಡೆಯ ಸುದ್ದಿ ಎಂಬುದು ಒಂದು ಕಾರಣ. ಕಾರ್ಖಾನೆಗಳ ದುರಸ್ತಿ ಕೋರಿಕೆಗಳನ್ನು ನಿರ್ವಹಿಸುವ ಸಾಫ್ಟ್‌ವೇರ್ ಬರೆಯುವುದೇ ನನ್ನ ಹೊಟ್ಟೆಪಾಡು ಎಂಬುದು ಇನ್ನೊಂದು. ಅಲ್ಲಿಗೂ ನಮ್ಮ ಸಾಫ್ಟ್‌ವೇರ್‌ಗೂ ಸಂಬಂಧವಿಲ್ಲ. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ವ್ಯವಸ್ಥೆಯಲ್ಲಿ ಕೋರಿಕೆ ಬಂದ ಕ್ಷಣದಿಂದ ಗಡಿಯಾರ ಓಡುತ್ತದೆ. 'ತುರ್ತು' ಎಂದಿದ್ದರೆ ಪರದೆ ಕೆಂಪಾಗುತ್ತದೆ. ತಿಂಗಳ ಕೊನೆಗೆ ಮ್ಯಾನೇಜರ್ ನೋಡುವುದು ಒಂದೇ ಅಂಕಿ: ಎಷ್ಟು ನಿಮಿಷದಲ್ಲಿ ಕೆಲಸಗಾರ ತಲುಪಿದ. ಎರಡು ವರ್ಷದ ಹಿಂದೆ ಗ್ರಾಹಕರೊಬ್ಬರು, ತುರ್ತು ಕೆಲಸಕ್ಕೆ ಪರವಾನಗಿಯನ್ನು ಆಮೇಲೆ ಲಗತ್ತಿಸುವ ಅವಕಾಶ ಕೇಳಿದರು. ಅರ್ಧ ದಿನದ ಕೋಡಿಂಗ್. ಮಾಡಿಕೊಟ್ಟೆ. ಕೆಲವೇ ವಾರಗಳಲ್ಲಿ ಕ್ಯಾಂಟೀನಿನ ಸೋರುವ ನಲ್ಲಿಯೂ ತುರ್ತಾಯಿತು!

ಯಾವ ವಾಲ್ವ್ ಮುಚ್ಚಿದೆ, ವಿದ್ಯುತ್ ಕಡಿತವಾಗಿದೆಯೇ, ಅನಿಲ ಅಳೆದಿದ್ದಾರೆಯೇ, ಅದೇ ಪೈಪಿನ ಮೇಲೆ ಬೇರೆ ಯಾರಿದ್ದಾರೆ ಎಂದು ಹೇಳುವುದೇ ಆ ಪರವಾನಗಿ. 1988ರ ಜುಲೈ 6ರ ರಾತ್ರಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ ಒಂದು ಪಂಪ್ ಕೆಟ್ಟು ನಿಂತಾಗ, ಪಾಳಿಯವರು ಅದರ ಜೋಡಿ ಪಂಪನ್ನು ಚಾಲೂ ಮಾಡಿದರು. ಅದರ ಸುರಕ್ಷತಾ ವಾಲ್ವನ್ನು ಹಗಲು ಬಿಚ್ಚಿಟ್ಟಿದ್ದರು. ಆ ವಿಷಯವಿದ್ದ ಪರವಾನಗಿ ಬೇರೆ ಕಡೆ ಇತ್ತು. 167 ಮಂದಿ ಸತ್ತರು. ನಮ್ಮ ಪಕ್ಕದ ಹಲ್ದಿಯಾದ ಇಂಡಿಯನ್ ಆಯಿಲ್ ಸಂಸ್ಕರಣಾಗಾರದಲ್ಲಿ 2021ರ ಡಿಸೆಂಬರ್ 21ರಂದು ಬೆಂಕಿ ಮೂವರನ್ನು ಬಲಿ ತೆಗೆದುಕೊಂಡದ್ದೂ ಘಟಕ ನಿಲ್ಲಿಸಿ ನಡೆಸುವ ಕೆಲಸದ ಹೊತ್ತಿನಲ್ಲೇ.

ಭೋಪಾಲದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ 41-ಎಚ್ ಎಂಬ ಸೆಕ್ಷನ್ ಸೇರಿತು. ಅಪಾಯ ಕಂಡರೆ ಮಾಲೀಕರ ಗಮನಕ್ಕೆ ತರುವ ಹಕ್ಕು ಕಾರ್ಮಿಕನಿಗೆ ಸಿಕ್ಕಿತು. ನನ್ನ ಆ್ಯಪ್‌ನಲ್ಲಿ ಅದಕ್ಕೆ ಗುಂಡಿಯೇ ಇರಲಿಲ್ಲ. 'ಸ್ವೀಕರಿಸಿದೆ', 'ತಲುಪಿದೆ', 'ಮುಗಿಯಿತು', ಮೂರೇ. ಅದೂ ಇಂಗ್ಲಿಷಿನಲ್ಲಿ, ಫೋನ್ ಹಿಡಿದವನು ಬಿಹಾರದಿಂದಲೋ ಸುಂದರಬನದಿಂದಲೋ ಬಂದ ಗುತ್ತಿಗೆ ಕೆಲಸಗಾರ. ಪುಣೆ, ಹೈದರಾಬಾದ್‌ಗಳಲ್ಲಿ ಇಂಥವನ್ನೇ ಕಟ್ಟುತ್ತಿರುವ ಕನ್ನಡಿಗರು ನಿಮ್ಮ ಪರದೆಯನ್ನೂ ಒಮ್ಮೆ ನೋಡಿ.

ಕಳೆದ ವಾರ ನಾಲ್ಕನೆಯ ಗುಂಡಿ ಸೇರಿಸಿ ಕಳಿಸಿದ್ದೇನೆ, ಬಂಗಾಳಿ ಮತ್ತು ಹಿಂದಿಯಲ್ಲಿ: 'ಸುರಕ್ಷಿತವಿಲ್ಲ, ನಿಲ್ಲಿಸಿದ್ದೇನೆ.' ಒತ್ತಿದರೆ ಗಡಿಯಾರವೂ ನಿಲ್ಲುತ್ತದೆ. ದುರುಪಯೋಗವಾದರೆ ಏನು ಮಾಡುವುದು ಎಂಬುದು ಗ್ರಾಹಕರ ಮೊದಲ ಪ್ರಶ್ನೆ. ತುರ್ತು ಗುಂಡಿಯ ಬಗ್ಗೆ ಅವರು ಇದನ್ನು ಕೇಳಿರಲಿಲ್ಲ. ಸೋಮವಾರ ಸಭೆಯಿದೆ.