ಬೆನ್ನುಡಿ ಮೊದಲು, ಕಾದಂಬರಿ ಆಮೇಲೆ



ಹೋದ ತಿಂಗಳು ನಿಮ್ಮಲ್ಲೊಬ್ಬಳು ನಲವತ್ತು ಪುಟಗಳ ಕಾದಂಬರಿಯ ಕರಡನ್ನು ನನ್ನ ಕೈಗಿತ್ತು, "ಅಂಕಲ್, ಮುಂದಕ್ಕೇ ಹೋಗ್ತಾ ಇಲ್ಲ" ಎಂದಳು. ಕಥೆ ಏನೆಂದು ಕೇಳಿದೆ. ಡೊಂಬಿವಲಿಯ ಚಾಳು, ಲೋಕಲ್ ರೈಲು, ಊರಿನ ಅಜ್ಜಿ, ಎಲ್ಲ ಬಂತು. "ಅದಿರಲಿ, ಇದರಲ್ಲಿ ಯಾರಿಗೆ ಏನು ಬೇಕಾಗಿದೆ?" ಎಂದರೆ ಉತ್ತರವಿಲ್ಲ. ಒಂದು ಅಂಚೆ ಕಾರ್ಡು ಕೊಟ್ಟು, "ನಿನ್ನ ಪುಸ್ತಕದ ಬೆನ್ನುಡಿಯನ್ನು ಇಷ್ಟರಲ್ಲೇ ಬರೆದುಕೊಂಡು ಬಾ" ಎಂದೆ.

ಬೆನ್ನುಡಿ ಎಂದರೆ ಪುಸ್ತಕದ ಹಿಂಬದಿಯಲ್ಲಿರುವ ಆ ನಾಲ್ಕು ಸಾಲು. ಇಂಗ್ಲಿಷಿನಲ್ಲಿ ಇದಕ್ಕಿರುವ 'ಬ್ಲರ್ಬ್' ಎಂಬ ಪದವನ್ನು ಅಮೆರಿಕದ ಗೆಲೆಟ್ ಬರ್ಜೆಸ್ 1907ರಲ್ಲಿ ಹುಟ್ಟಿಸಿದ್ದು, ಇಂಥ ಹೊಗಳಿಕೆಯನ್ನು ಗೇಲಿ ಮಾಡುವುದಕ್ಕೆ! ನಮ್ಮಲ್ಲೂ ಎಷ್ಟೋ ಬೆನ್ನುಡಿಗಳು ಹಿರಿಯರ ಆಶೀರ್ವಾದಗಳೇ. ನಾನು ಹೇಳುತ್ತಿರುವುದು ಅದನ್ನಲ್ಲ.

ಯಶವಂತ ಚಿತ್ತಾಲರ 'ಶಿಕಾರಿ' (1979) ನಮ್ಮ ಮುಂಬಯಿಯದೇ ಕಾದಂಬರಿ. ಅದಕ್ಕೆ ನಾನಾದರೆ ಹೀಗೆ ಬರೆದೇನು: 'ಕಂಪೆನಿಯೊಂದರ ಅಧಿಕಾರಿ ನಾಗಪ್ಪನನ್ನು ಇದ್ದಕ್ಕಿದ್ದಂತೆ ಕೆಲಸದಿಂದ ದೂರ ಇಡುತ್ತಾರೆ. ತಾನು ಮಾಡಿದ ತಪ್ಪೇನೆಂದು ಅವನಿಗೇ ತಿಳಿಯದು. ಅವನ ಬೇಟೆಗೆ ಹೊರಟವರು ಯಾರು?' ಒಬ್ಬ ಮನುಷ್ಯ, ಅವನಿಗೊದಗಿದ ಕುತ್ತು, ಒಂದು ಪ್ರಶ್ನೆ. ಉತ್ತರ ಹೇಳಕೂಡದು. 'ಮಹಾನಗರದ ಅನಾಥಪ್ರಜ್ಞೆಯ ಕಥನ' ಎಂದು ಬರೆದಿರೋ, ಅದು ವಿಮರ್ಶೆಯಾಯಿತು. ಅದನ್ನು ಓದಿ ಪುಸ್ತಕ ಕೊಂಡವರನ್ನು ನಾನಂತೂ ಕಂಡಿಲ್ಲ.

ವಾರ ಕಳೆದು ಹುಡುಗಿ ಬಂದಳು. ಮೂರು ಕಾರ್ಡು ಹರಿದು ಹಾಕಿದ್ದಳಂತೆ. ನಾಲ್ಕನೆಯದರಲ್ಲಿ ಹೀಗಿತ್ತು: 'ಅಜ್ಜಿ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಕಾಗದಗಳ ಕಟ್ಟೊಂದು ಸಿಗುತ್ತದೆ. ಅಮ್ಮ ಓದಿ ಹೇಳಲೊಲ್ಲಳು. ಮಗಳಿಗೆ ಕನ್ನಡ ಓದಲು ಬಾರದು.'

ಕರಡನ್ನು ತೆರೆದು ನೋಡಿದೆ. ಆ ಕಾಗದಗಳ ಮಾತು ಮೂವತ್ತೊಂದನೆಯ ಪುಟದಲ್ಲಿ ಒಂದೇ ಒಂದು ಸಾಲು! ಲೋಕಲ್ ರೈಲಿಗೆ ಹನ್ನೆರಡು ಪುಟ. ಕಾರ್ಡಿನಲ್ಲಿ ರೈಲಿಗೆ ಜಾಗವೇ ಇರಲಿಲ್ಲ. ನಾನೇನೂ ಹೇಳಬೇಕಾಗಲಿಲ್ಲ, ಅವಳೇ ಆ ಹನ್ನೆರಡು ಪುಟಗಳನ್ನು ಬೇರೆ ತೆಗೆದಿಟ್ಟಳು. "ಅಮ್ಮ ಯಾಕೆ ಓದಲ್ಲ ಅಂತಾಳೆ?" ಎಂದು ಕೇಳಿದೆ. "ಗೊತ್ತಿಲ್ಲ ಅಂಕಲ್, ಅದನ್ನೇ ಬರೀಬೇಕು" ಎಂದಳು. ಈಗ ಮೊದಲ ಪುಟದಿಂದ ಮತ್ತೆ ಬರೆಯುತ್ತಿದ್ದಾಳೆ.

ಅರ್ಧಕ್ಕೆ ನಿಂತ ಕಥೆ ನಿಮ್ಮಲ್ಲೂ ಇದ್ದರೆ ಕಾರ್ಡು ಬರೆದು ಕಳಿಸಿ. ಕನ್ನಡ ಅಕ್ಷರ ಬಾರದವರು ದೇವನಾಗರಿಯಲ್ಲೇ ಬರೆಯಿರಿ, ನಾನು ಓದಿಕೊಳ್ಳುತ್ತೇನೆ. ಮಾತು ಮಾತ್ರ ಕನ್ನಡದ್ದಿರಲಿ.