ಯುಪಿಐ ಬೋರ್ಡ್ ಕಿತ್ತರೆ ತೆರಿಗೆ ತಪ್ಪುತ್ತಾ?

2025ರ ಜುಲೈನಲ್ಲಿ ನಮ್ಮ ಆರ್‌ಪಿಸಿ ಲೇಔಟ್ ಅಂಗಡಿಗಳಲ್ಲೂ ಅದೇ ಮಾತು: "ಸಾರ್, ಯುಪಿಐ ಬೇಡ, ಕ್ಯಾಶ್ ಕೊಡಿ." ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ನಾಲ್ಕು ವರ್ಷದ ಯುಪಿಐ ಲೆಕ್ಕ ತೆಗೆದು ಬೇಕರಿ, ಕಾಂಡಿಮೆಂಟ್ಸ್‌ನವರಿಗೆಲ್ಲ ನೋಟಿಸ್ ಕಳಿಸಿತ್ತಲ್ಲ, ಅದರ ಭಯ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸ್! ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ ಸ್ವಾಮಿ...

ಆದ್ರೆ ಬೋರ್ಡ್ ಕಿತ್ತು ಏನುಪಯೋಗ? ಕ್ಯಾಶ್ ವ್ಯಾಪಾರವೂ ವಹಿವಾಟೇ. ತೆರಿಗೆ ಇರೋ ಸರಕು ಮಾರುವವರು ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರು 20 ಲಕ್ಷ ದಾಟಿದರೆ ನೋಂದಣಿ ಬೇಕೇ ಬೇಕು. ನೋಟಿಸ್ ಅನ್ನೋದು ಕೊನೇ ತೀರ್ಪಲ್ಲ, ವಿವರಣೆ ಕೇಳೋ ಕಾಗದ. ಖಾತೆಗೆ ಬಂದದ್ದೆಲ್ಲ ವ್ಯಾಪಾರದ ದುಡ್ಡೂ ಅಲ್ಲ. ಕೈಸಾಲ, ಭಾವಮೈದ ಕಳಿಸಿದ್ದು, ಹಾಲು-ತರಕಾರಿ ಮಾರಿದ್ದು, ಎಲ್ಲ ಬೇರೆ ಬೇರೆ ಮಾಡಿ, ಬ್ಯಾಂಕ್ ಸ್ಟೇಟ್‌ಮೆಂಟು, ಖರೀದಿ ಬಿಲ್ಲು ಇಟ್ಟು ಉತ್ತರ ಬರೀಬೇಕು. ಸುಮ್ಮನೆ ಕೂತರೆ ಅಧಿಕಾರಿ ತಮ್ಮ ಹತ್ರ ಇರೋ ಲೆಕ್ಕದ ಮೇಲೇ ತೆರಿಗೆ, ಬಡ್ಡಿ, ದಂಡ ಹಾಕ್ತಾರೆ.

ಇಲಾಖೆ ಮೇಲೂ ನನಗೆ ಸಿಟ್ಟಿದೆ. ಮೊದಲ ವರ್ಷವೇ ಒಂದು ಎಸ್ಸೆಮ್ಮೆಸ್ ಕಳಿಸಬಹುದಿತ್ತಲ್ವಾ? ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ, ನೋಂದಣಿ ಮಾಡಿಸಿಕೊಂಡರೆ ಹಳೇ ತೆರಿಗೆ ವಸೂಲಿ ಮಾಡಲ್ಲ ಅಂದರು. ನಿಮ್ಮ ಬೀದಿ ಅಂಗಡಿಯವರು ಮಾಡಿಸಿಕೊಂಡ್ರಾ?