ಸೊಪ್ಪು ಕೊಡವೋ ಡಬ್ಬಿಗೆ ಯಾಕೆ ನಗ್ತೀರಿ?

ಹೋದ ತಿಂಗಳು ಆಫೀಸಿನಲ್ಲಿ ಊಟ ಮಾಡ್ತಾ ಬಾಯ್ತಪ್ಪಿ ಹೇಳಿಬಿಟ್ಟೆ, ಮನೆಗೆ ಸಲಾಡ್ ಸ್ಪಿನ್ನರ್ ತಗೊಂಡೆ ಅಂತ. ಅಷ್ಟೇ ಸಾಕಾಯ್ತು. 'ಏನ್ ಗುರೂ, ಹಳ್ಳಿ ಹೈದ ಸೊಪ್ಪು ಒಣಗಿಸೋಕೂ ಮಷಿನ್ ತಂದ!' ಅಂದ ಒಬ್ಬ. 'ನಮ್ಮಜ್ಜಿ ಹತ್ರ ಇದೆಲ್ಲ ಇತ್ತಾ? ಆದ್ರೂ ಆ ಬಸ್ಸಾರಿನ ರುಚಿ ಈಗೆಲ್ಲಿ?' ಅಂದ ಇನ್ನೊಬ್ಬ. ಈ ಇನ್ನೊಬ್ಬನ ಮನೆಯಲ್ಲಿ ಏರ್ ಫ್ರೈಯರ್ ಇದೆ, ಕಾಫಿ ಬೀಜ ಪುಡಿ ಮಾಡೋಕೆ ಅಂತಲೇ ಒಂದು ಗ್ರೈಂಡರ್ ಇದೆ. ಅವನ್ನು ಕೊಳ್ಳುವಾಗ ಅಜ್ಜಿ ಅಡ್ಡ ಬರಲಿಲ್ಲ. ಸೊಪ್ಪಿನ ವಿಷಯಕ್ಕೆ ಮಾತ್ರ ಎದ್ದು ಬಂದ್ರು.

ನನ್ನ ಜಗಳ ಇರೋದೇ ಇಲ್ಲಿ. ಅಜ್ಜಿಯ ಅಡುಗೆಮನೆ ಹೊಗಳೋ ಗಂಡಸರಲ್ಲಿ ಸೊಪ್ಪು ತೊಳೆದವರು ಎಷ್ಟು ಜನ? ನಾನೂ ತೊಳೆದವನಲ್ಲ, ಒಪ್ಕೋತೀನಿ. ತುಮಕೂರು ಕಡೆಯ ಹಳ್ಳಿಯಲ್ಲಿ ಹುಟ್ಟಿ, ಬಿಇ ಮುಗಿಯೋವರೆಗೂ ತಿಂದ ಸೊಪ್ಪಿಗೆ ಲೆಕ್ಕವಿಲ್ಲ. ಆದರೆ ಬೆರಕೆ ಸೊಪ್ಪು ಅಂದ್ರೆ ಎಷ್ಟು ಕೆಲಸ ಅಂತ ಗೊತ್ತಾಗಿದ್ದು ಮದುವೆಯಾಗಿ, ಬೆಂಗಳೂರಿನ ಬಾಡಿಗೆ ಮನೆಯ ಸಿಂಕಿನ ಮುಂದೆ ನಾನೇ ನಿಂತಾಗ. ಅವ್ವ ಹೊಲದ ಬದುವಿನಿಂದ ಅಣ್ಣೆ, ಗೋಣಿ, ಕನ್ನೆ ಎಲ್ಲ ಕಿತ್ತು ತಂದು, ಜಗಲಿ ಮೇಲೆ ಕೂತು ಹುಲ್ಲು, ಬೇರು ಬಿಡಿಸಿ, ಅಗಲ ಪಾತ್ರೆಯ ನೀರಲ್ಲಿ ಅದ್ದಿ, ಮಣ್ಣು ತಳಕ್ಕೆ ಇಳಿಯೋವರೆಗೂ ಕಾದು, ಸೊಪ್ಪನ್ನು ಎರಡೂ ಕೈಯಲ್ಲಿ ಮೇಲೆತ್ತಿ, ನೀರು ಚೆಲ್ಲಿ, ಮತ್ತೆ ಹೊಸ ನೀರು. ಹೀಗೆ ಮೂರು ಸಲ. ಮಳೆಗಾಲದಲ್ಲಿ ನಾಲ್ಕು. ಮಾಗಿ ಚಳಿಯಲ್ಲಿ ತೊಟ್ಟಿ ನೀರಿಗೆ ಬೆರಳು ಸೆಟೆದುಕೊಳ್ಳೋದು. ಆಮೇಲೆ ಬಿದಿರು ಪುಟ್ಟಿಗೆ ಹಾಕಿ ಅಂಗಳದಲ್ಲಿ ಕೊಡವೋದು.

ಆ ಪುಟ್ಟಿ ಕೊಡವೋದೇ ಈ ಸ್ಪಿನ್ನರ್, ಬೇರೇನಲ್ಲ. ಫ್ರಾನ್ಸಿನಲ್ಲೂ ತಂತಿಯ ಬುಟ್ಟಿಗೆ ಎಲೆ ತುಂಬಿ, ಮನೆಯಾಚೆ ನಿಂತು ಗಿರಗಿರ ಬೀಸ್ತಿದ್ರು. ಆ ಬುಟ್ಟಿಯನ್ನ ಒಂದು ಬೋಗುಣಿಯೊಳಗೆ ಕೂರಿಸಿ, ಮುಚ್ಚಳಕ್ಕೆ ಹಲ್ಲುಚಕ್ರ ಹಾಕಿದ್ರು. ಬುಟ್ಟಿ ತಿರುಗುತ್ತೆ, ಎಲೆ ಬುಟ್ಟಿಯ ಗೋಡೆಗೆ ಒತ್ತಿ ನಿಲ್ಲುತ್ತೆ, ನೀರು ತೂತಿನಿಂದ ಆಚೆ ಹೋಗುತ್ತೆ. 2010ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿನಿಯರು ಇದೇ ಡಬ್ಬಿಯಲ್ಲಿ ರಕ್ತದ ಕೊಳವೆಗಳನ್ನು ಕೂರಿಸಿ, ಕರೆಂಟಿಲ್ಲದ ಕಡೆ ರಕ್ತಹೀನತೆ ಪತ್ತೆ ಮಾಡೋ ಸಾಧನ ಮಾಡಿದ್ರು. ನಗೋರಿಗೆ ಇದನ್ನೂ ಹೇಳಿದೆ. ಮುದ್ದೆ ನುಂಗ್ತಾ ತಲೆ ಆಡಿಸಿದ್ರು, ಅಷ್ಟೇ.

ಹಾಗಂತ ಎಲ್ಲರೂ ಕೊಳ್ಳಿ ಅಂತ ನಾನು ಹೇಳಲ್ಲ. ಮನೆಯಲ್ಲಿ ಬರೀ ಬಸ್ಸಾರು, ಮಸ್ಸೊಪ್ಪು ಮಾಡೋದಾದ್ರೆ ಬೇಡವೇ ಬೇಡ. ನೀರಲ್ಲಿ ಬೇಯಿಸೋ ಸೊಪ್ಪನ್ನ ಒಣಗಿಸಿ ಏನು ಮಾಡ್ತೀರಿ? ತೂತಿನ ಪಾತ್ರೆ ಸಾಕು. ರೀಲ್ಸ್ ನೋಡಿ ಕೊಂಡು, ತಿಂಗಳಿಗೊಂದು ಸಲ ಲೆಟ್ಯೂಸ್ ತಿರುಗಿಸಿ ಲಾಫ್ಟಿಗೆ ಎಸೆಯೋರೂ ದಯವಿಟ್ಟು ದುಡ್ಡು ಉಳಿಸಿ. ಲೆಟ್ಯೂಸಿಗೆ ಇದು ಬೇಕು, ನಿಜ. ಎಲೆ ಒದ್ದೆ ಇದ್ರೆ ಎಣ್ಣೆ ಹಿಡಿಯಲ್ಲ, ಡ್ರೆಸಿಂಗ್ ಎಲ್ಲ ತಳಕ್ಕೆ ಜಾರುತ್ತೆ. ನನಗೆ ಮಾತ್ರ ಇದು ಕೆಲಸಕ್ಕೆ ಬಂದಿದ್ದು ಸಬ್ಬಸಿಗೆಗೆ. ಒದ್ದೆ ಸಬ್ಬಸಿಗೆ ಹಾಕಿ ಅಕ್ಕಿ ರೊಟ್ಟಿ ಹಿಟ್ಟು ಕಲಸಿ ನೋಡಿ, ತಟ್ಟೋಕೆ ಹೋದ್ರೆ ಕೈ ಬಿಡಲ್ಲ. ವಡೆಗೆ ಹಾಕಿದ್ರೆ ಎಣ್ಣೆ ಚಟಪಟ ಮುಖಕ್ಕೇ ಸಿಡಿಯುತ್ತೆ. ಇನ್ನು ಕೊತ್ತಂಬರಿ, ಪುದೀನ. ತೊಳೆದು ಒದ್ದೆಯಾಗೇ ಫ್ರಿಜ್ಜಿಗಿಟ್ರೆ ಎರಡೇ ದಿನಕ್ಕೆ ಲೋಳೆ. ನೀರು ತೆಗೆದು, ಬಟ್ಟೆ ಸುತ್ತಿ ಡಬ್ಬಿಗೆ ಹಾಕಿದ್ರೆ ನಮ್ಮನೇಲಿ ವಾರ ಬರುತ್ತೆ.

ಮೊದಲು ನಾನೂ ಮೋಸಹೋದೆ. ಅಗ್ಗ ಅಂತ ಚಿಕ್ಕದು, ಹಗ್ಗ ಎಳೆಯೋ ಥರದ್ದು ತಂದೆ. ಒಂದು ಕಟ್ಟು ಮೆಂತ್ಯವೂ ಹಿಡಿಸಲ್ಲ. ಒತ್ತಿ ತುಂಬಿದ್ರೆ ಎಲೆ ಜಜ್ಜಿಹೋಗುತ್ತೆ, ನೀರು ಅಲ್ಲೇ ಇರುತ್ತೆ. ಮೂರನೇ ತಿಂಗಳಿಗೆ ಹಗ್ಗ ಕಿತ್ತು ಬಂತು. ಆದ್ದರಿಂದ ನಾಲ್ಕೈದು ಲೀಟರಿಗಿಂತ ಚಿಕ್ಕದು ಬೇಡ, ಅದಕ್ಕೂ ಅರ್ಧವಷ್ಟೇ ತುಂಬಿ. ಹೊರಗಿನ ಬೋಗುಣಿಗೆ ತೂತು ಇರಬಾರದು. ಅದರಲ್ಲೇ ಸೊಪ್ಪು ತೊಳೆದು, ಬುಟ್ಟಿ ಮೇಲೆತ್ತಿದ್ರೆ ಮಣ್ಣು ಕೆಳಗೆ ಉಳಿಯುತ್ತೆ, ಆ ನೀರು ಬಾಲ್ಕನಿ ಗಿಡಕ್ಕೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ನಲ್ಲಿ ಬಿಟ್ಕೊಂಡೇ ತಿರುಗಿಸಿ ಅನ್ನೋ ಮಾಡೆಲ್ಲುಗಳಿವೆ, ಹತ್ತಿರವೂ ಹೋಗಬೇಡಿ. ಬುಟ್ಟಿಯ ಸಂದು ಸಣ್ಣಗಿರಲಿ, ಇಲ್ಲಾಂದ್ರೆ ಮೆಂತ್ಯದ ಎಲೆ ಎಲ್ಲ ಆಚೆ. ಎಲ್ಲಕ್ಕಿಂತ ಮುಖ್ಯ ಮುಚ್ಚಳ: ಅದನ್ನ ಬಿಚ್ಚಿ ತೊಳೆಯೋ ಹಾಗಿರಬೇಕು. ಒಳಗೆ ನೀರು ನಿಂತ್ರೆ ಮುಗ್ಗಲು ವಾಸನೆ ಹೋಗೋದೇ ಇಲ್ಲ.

ತಿರುಗಿಸೋ ಹಿಡಿಯನ್ನು ಮಾತ್ರ ಮನೆಯಲ್ಲಿ ಸೊಪ್ಪು ತೊಳೆಯೋರ ಕೈಗೆ ಕೊಟ್ಟು ನೋಡಿ, ನಿಮ್ಮ ಕೈಗಲ್ಲ. ಆಕ್ಸೋ ಅನ್ನೋ ಕಂಪನಿ ಶುರುವಾಗಿದ್ದು ಹೀಗೇ. ಸ್ಯಾಮ್ ಫಾರ್ಬರ್ ಅನ್ನೋರ ಹೆಂಡತಿಗೆ ಸಂಧಿವಾತ, ಸಿಪ್ಪೆ ಹೆರೆಯೋ ಪೀಲರ್ ಹಿಡಿಯೋಕೆ ಆಗ್ತಿರಲಿಲ್ಲ. ಅದನ್ನು ನೋಡಿ 1990ರಲ್ಲಿ ದಪ್ಪ ಹಿಡಿಯ ಸಾಮಾನು ತಂದ್ರು. ಅವರ ಸ್ಪಿನ್ನರ್‌ಗೂ ಮೇಲಿನ ಗುಂಡಿ ಒತ್ತಿದ್ರೆ ಸಾಕು, ಒಂದೇ ಕೈ. ಬೆಲೆ ಜಾಸ್ತಿ, ನಾನು ತಂದಿದ್ದು ಅದೇ ಥರ ಗುಂಡಿ ಒತ್ತೋ ಬೇರೆಯದು.

ಅವ್ವನ ಬೆರಳಿನ ಗೆಣ್ಣೂ ಈಗ ಮೊದಲಿನ ಹಾಗಿಲ್ಲ. ದಸರಾಕ್ಕೆ ಬಂದಾಗ ಡಬ್ಬಿ ತೋರಿಸಿದೆ. ನಾಲ್ಕು ಸಲ ಒತ್ತಿ, ಮುಚ್ಚಳ ತೆಗೆದು, ತಳದಲ್ಲಿ ನಿಂತ ನೀರು ನೋಡಿದ್ಲು. 'ಇಷ್ಟು ನೀರಿತ್ತಾ ಒಳಗೆ' ಅಂದ್ಲು. ರುಚಿಯ ಮಾತು ಎತ್ತಲೇ ಇಲ್ಲ. ಊರಿಗೆ ಹೊರಡೋ ಬೆಳಗ್ಗೆ ನೋಡ್ತೀನಿ, ಡಬ್ಬಿ ಅವಳ ಬ್ಯಾಗಿನಲ್ಲಿ, ಸೀರೆಗಳ ಮಧ್ಯೆ. ನಾನು ಇನ್ನೊಂದು ಆರ್ಡರ್ ಮಾಡಿದೀನಿ. ಬರೋವರೆಗೂ ಕೊತ್ತಂಬರಿಯನ್ನ ಟವೆಲ್ಲಿನಲ್ಲಿ ಕಟ್ಟಿ ಬಾಲ್ಕನಿಯಲ್ಲಿ ಬೀಸ್ತಾ ಇದೀನಿ.